ಹಿಟ್ಟಿನ ಕೋಳಿಯೂ ನೆರೆಯ ಕಟುಕನೂ

ಹಲವು ವರ್ಷಗಳ ಹಿಂದಿನ ಮಾತು. ನಾನು ಗುಂಡ್ಲುಪೇಟೆಯ ಕಡೆ ಸೇವೆಯಲ್ಲಿದ್ದೆ. ಡಿಸೆಂಬರ್ 28, ಬೆತ್ಲೆಹೇಮಿನಲ್ಲಿ ಹತರಾದ ಹಸುಗೂಸುಗಳನ್ನು ಧರ್ಮಸಭೆ ಸ್ಮರಿಸುವ ದಿನ. ಪ್ರಬೋಧನೆಯಲ್ಲಿ ಹೆರೋದನ ಸೈನಿಕರನ್ನು ಕುರಿತು ಹೇಳುವಾಗ "ಆ ಕಟುಕರು" ಎಂದೆ. ಒಮ್ಮೆಯಲ್ಲ, ನಾಲ್ಕಾರು ಬಾರಿ. ಪೂಜೆ ಮುಗಿದ ಮೇಲೆ ಬಾಗಿಲ ಬಳಿ ವೃದ್ಧರೊಬ್ಬರು ಕಾದು ನಿಂತಿದ್ದರು. ಪೇಟೆಯಲ್ಲಿ ಮಟನ್ ಅಂಗಡಿ ಇಟ್ಟುಕೊಂಡಿದ್ದವರು. ಕೈಮುಗಿದು, ಯಾವ ಆಕ್ಷೇಪವೂ ಇಲ್ಲದ ದನಿಯಲ್ಲಿ ಕೇಳಿದರು: "ಮೊನ್ನೆ ಹಬ್ಬಕ್ಕೆ ಕೊಟ್ಟಿದ್ದ ಬಾಡು ಚೆನ್ನಾಗಿತ್ತಾ, ಫಾದರ್?"

ಚೆನ್ನಾಗಿತ್ತು ಎಂದೆ. ನಿಜವಾಗಿಯೂ ಚೆನ್ನಾಗಿತ್ತು. ಕ್ರಿಸ್ತಜಯಂತಿಯ ಮಧ್ಯಾಹ್ನ ಎರಡು ಬಾರಿ ಬಡಿಸಿಕೊಂಡು ಉಂಡಿದ್ದೆ. ಅವರು ತಲೆಯಾಡಿಸಿ ಹೊರಟುಹೋದರು. ಮನೆಯ ಮೆಟ್ಟಿಲು ಹತ್ತುವ ಹೊತ್ತಿಗೆ ನನಗೆ ನಾಚಿಕೆಯಾಯಿತು. ಮೂರು ದಿನದ ಹಿಂದೆ ಯಾರ ಕೈಯ ಶ್ರಮವನ್ನು ಉಂಡು ತೃಪ್ತನಾಗಿದ್ದೆನೋ ಅವರ ವೃತ್ತಿಯ ಹೆಸರನ್ನೇ ಮಕ್ಕಳನ್ನು ಕೊಂದವರಿಗೆ ಬೈಗುಳವಾಗಿ ಬಳಸಿದ್ದೆ.

ಪ್ರಿಯ ಓದುಗರೇ, ಈ ಬಳಕೆ ನನ್ನೊಬ್ಬನದಲ್ಲ. ಕರುಣೆಯಿಲ್ಲದವನನ್ನು ನಮ್ಮ ಭಾಷೆ ಕಟುಕನೆನ್ನುತ್ತದೆ. ಸಿನಿಮಾ, ನಾಟಕ, ಪತ್ರಿಕೆ, ಪ್ರಬೋಧನೆ ಎಲ್ಲ ಕಡೆಯೂ ಈ ಮಾತು ಯಾವ ಅಳುಕೂ ಇಲ್ಲದೆ ಓಡಾಡುತ್ತದೆ. ಚಾಮರಾಜನಗರದ ಹಳೆಯ ಹೆಸರು ಅರಿಕುಠಾರ. ಶತ್ರುಗಳಿಗೆ ಕೊಡಲಿಯಂತಿರುವವನು ಎಂದು ಅದರ ಅರ್ಥ. ಯುದ್ಧದಲ್ಲಿ ಮನುಷ್ಯರ ಮೇಲೆ ಎತ್ತುವ ಕೊಡಲಿ ಬಿರುದಾಯಿತು, ಊರಿಗೂ ಹೆಸರಾಯಿತು. ಅದೇ ಊರಿನ ಪೇಟೆಬೀದಿಯಲ್ಲಿ ನಮ್ಮ ಭಾನುವಾರದ ಸಾರಿಗಾಗಿ ಎತ್ತುವ ಮಚ್ಚು ಮಾತ್ರ ನಿಂದೆಯ ಮಾತಾಗಿ ಉಳಿಯಿತು. ಇದು ಭಾಷೆಯೊಂದರ ತಪ್ಪಲ್ಲ. ಭಾಷೆಯನ್ನು ರೂಪಿಸುವ ಕಥೆ ಕಾವ್ಯಗಳಲ್ಲಿ ಮಾಂಸ ತಿನ್ನುವವನಿಗೂ ಮಾಂಸ ಕೊಯ್ದು ಕೊಡುವವನಿಗೂ ಎಂಥ ಸ್ಥಾನ ಸಿಕ್ಕಿದೆ ಎಂಬುದನ್ನು ನೋಡಬೇಕು. ಈ ಲೇಖನದ ಉದ್ದೇಶ ಅಷ್ಟೇ.

ಮೊದಲು ಅಂಗಡಿಯ ಮುಂದೆ ಒಂದು ಗಳಿಗೆ ನಿಲ್ಲೋಣ. ಭಾನುವಾರದ ಬೆಳಗ್ಗೆ, ನಮ್ಮ ಮೊದಲ ಪೂಜೆಗೂ ಮುಂಚೆಯೇ ಎದ್ದವರು ಈ ಬೀದಿಯಲ್ಲಿ ಅವರೇ. ಕೊಕ್ಕೆಗೆ ತೂಗುಹಾಕಿದ ಕುರಿ, ವರ್ಷಗಟ್ಟಲೆ ಏಟು ತಿಂದು ನಡುವೆ ಗುಳಿಬಿದ್ದ ಮರದ ಕೊರಡು, ತಕ್ಕಡಿ, ಸರದಿಯಲ್ಲಿ ನಿಂತ ಹತ್ತು ಮಂದಿ. ಕಟುಕರಿಗೆ ಪ್ರತಿಯೊಬ್ಬರ ಮನೆಯೂ ಗೊತ್ತು. ಬಾಣಂತಿ ಇರುವ ಮನೆಗೆ ಕಾಲುಸೂಪಿನ ಕಾಲು ತೆಗೆದಿಡುತ್ತಾರೆ. ಹಲ್ಲಿಲ್ಲದ ಅಜ್ಜನಿಗೆ ಕೈಮ. ಕೈಯಲ್ಲಿ ಕಾಸು ಕಡಿಮೆಯಿರುವ ಹೆಂಗಸಿಗೆ ಬೋಟಿಯನ್ನೋ ತಲೆಮಾಂಸವನ್ನೋ ಕಟ್ಟಿ, ಮೇಲೊಂದು ಕೊಬ್ಬಿನ ತುಂಡು ಹಾಕುತ್ತಾರೆ. ಹಬ್ಬದ ಸಾಲವನ್ನು ಸುಗ್ಗಿಯವರೆಗೆ ತಡೆಯುತ್ತಾರೆ. ಕುರಿಯ ಯಾವ ಭಾಗವೂ ಅಲ್ಲಿ ವ್ಯರ್ಥವಾಗುವುದಿಲ್ಲ. ಚರ್ಮಕ್ಕೂ ಕೊಳ್ಳುವವನಿದ್ದಾನೆ. ಕುರಿ ಸಾಕಿದ ಹಳ್ಳಿಯವನಿಂದ ಹಿಡಿದು ಎಸರು ಕುದಿಸುವ ತಾಯಿಯವರೆಗೆ ಒಂದು ಸರಪಳಿ ಇದೆ. ಆ ಸರಪಳಿಯ ನಡುವಿನ ಕೊಂಡಿ ಈ ಮನುಷ್ಯ. ಇಷ್ಟೊಂದು ಮನೆಗಳ ಕಷ್ಟಸುಖ ತಿಳಿದ ಇಂಥವರು ನಮ್ಮ ಸಾಹಿತ್ಯದಲ್ಲಿ ಎಲ್ಲಿದ್ದಾರೆ?

ಹಳಗನ್ನಡದಿಂದ ಆರಂಭಿಸೋಣ. ಹೊಯ್ಸಳರ ಕಾಲದ ಜನ್ನ ಕವಿ 1209ರಲ್ಲಿ ಬರೆದ 'ಯಶೋಧರ ಚರಿತೆ' ಪ್ರಾಣಿಬಲಿಯನ್ನು ಕುರಿತ ಕನ್ನಡದ ಮಹಾಕೃತಿ. ಯಶೋಧರ ರಾಜನಿಗೆ ಜೀವ ತೆಗೆಯಲು ಮನಸ್ಸಿಲ್ಲ. ತಾಯಿ ಚಂದ್ರಮತಿಯ ಒತ್ತಾಯವನ್ನು ಮೀರಲಾರದೆ ಹಿಟ್ಟಿನಿಂದ ಮಾಡಿದ ಕೋಳಿಯನ್ನು ದೇವಿಗೆ ಬಲಿ ಕೊಡುತ್ತಾನೆ. ರಕ್ತ ಹರಿಯಲಿಲ್ಲ, ಪ್ರಾಣ ಹೋಗಲಿಲ್ಲ. ಆದರೂ ತಾಯಿಮಗ ಇಬ್ಬರೂ ಜನ್ಮಜನ್ಮಾಂತರಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ ತೊಳಲುತ್ತಾರೆ. ಕೊಲ್ಲುವ ಸಂಕಲ್ಪವೇ ಕೊಲೆ ಎಂದು ಜನ್ನನ ತೀರ್ಪು. ಚಾಮರಾಜನಗರ ತಾಲ್ಲೂಕಿನ ಮಲೆಯೂರಿನಲ್ಲಿ ಕನಕಗಿರಿಯ ಜೈನ ಕ್ಷೇತ್ರವಿದೆ. ಆ ಬೆಟ್ಟವನ್ನು ಏರಿದವರಿಗೆ ಈ ಅಹಿಂಸೆ ಪುಸ್ತಕದ ಮಾತಲ್ಲ, ಬಾಳಿನ ಕಠಿಣ ವ್ರತ ಎಂಬುದು ತಿಳಿಯುತ್ತದೆ. ಅಂಥ ವ್ರತಕ್ಕೆ ನಾನು ತಲೆಬಾಗುತ್ತೇನೆ.

ಆದರೆ ಜನ್ನನ ತರ್ಕವನ್ನು ಕೊನೆಯವರೆಗೆ ಹಿಂಬಾಲಿಸಿರಿ. ಸಂಕಲ್ಪವೇ ಕ್ರಿಯೆಗೆ ಸಮನಾದರೆ, ಅಂಗಡಿಯ ಮುಂದೆ ನಿಂತು "ಒಂದು ಕೆಜಿ, ತೊಡೆಯ ಕಡೆಯದು" ಎನ್ನುವ ನನಗೂ ಮಚ್ಚು ಹಿಡಿದವರಿಗೂ ಅಂತರವೇನು? ಪಾಪವೆನ್ನುವುದಾದರೆ ಇಬ್ಬರದೂ ಪಾಪ. ಅನ್ನವೆನ್ನುವುದಾದರೆ ಇಬ್ಬರದೂ ಅನ್ನ. ರುಚಿಯನ್ನು ನಾನಿಟ್ಟುಕೊಂಡು ರಕ್ತವನ್ನು ಮಾತ್ರ ಅವರ ಲೆಕ್ಕಕ್ಕೆ ಬರೆಯಲು ಜನ್ನ ನಮಗೆ ಅನುಮತಿ ಕೊಡುವುದಿಲ್ಲ. ಕನ್ನಡದ ಅತ್ಯಂತ ಕಟ್ಟುನಿಟ್ಟಾದ ಅಹಿಂಸಾಕಾವ್ಯವೇ ಮಾಂಸಾಹಾರಿಯ ಆಷಾಢಭೂತಿತನವನ್ನು ಹೀಗೆ ಬಯಲಿಗೆಳೆಯುತ್ತದೆ. ಈ ಕಾವ್ಯವನ್ನು ಮಾಂಸ ತಿನ್ನದವರಷ್ಟೇ ಓದಿದರೆ ಸಾಲದು. ತಿನ್ನುವ ನಾವು ಓದಬೇಕು.

ನಾವೆಲ್ಲ ಬಾಲ್ಯದಲ್ಲಿ ಕಣ್ಣೀರು ಸುರಿಸಿದ 'ಗೋವಿನ ಹಾಡು' ಇನ್ನೊಂದು ಬಗೆಯದು. ಪುಣ್ಯಕೋಟಿಯ ಸತ್ಯಕ್ಕೆ ಸೋತ ಹುಲಿ ಪ್ರಾಣವನ್ನೇ ಬಿಡುತ್ತದೆ. ಸತ್ಯದ ಮಹಿಮೆಯನ್ನು ಹಾಡುವ ಪದ್ಯವಾಗಿ ಅದಕ್ಕೆ ಸಾಟಿಯಿಲ್ಲ. ಆದರೆ ಗುಂಡ್ಲುಪೇಟೆ ತಾಲ್ಲೂಕಿನ ಮಗುವಿಗೆ ಹುಲಿ ಪದ್ಯದೊಳಗಿನ ಪ್ರಾಣಿಯಲ್ಲ. 1973ರಲ್ಲಿ ಹುಲಿ ಯೋಜನೆಗೆ ಸೇರಿದ ಬಂಡೀಪುರದ ಕಾಡು ಅದರ ಊರಿನ ಎಲ್ಲೆಗೇ ತಾಗಿಕೊಂಡಿದೆ. ಹಸಿದ ಹುಲಿ ನೀತಿಗೆ ನಾಚಿ ಸಾಯುವುದಿಲ್ಲ ಎಂಬುದು ಆ ಮಗುವಿಗೆ ಗೊತ್ತು. ತಿನ್ನುವ ಪ್ರಾಣಿ ಒಳ್ಳೆಯದಾಗಬೇಕಾದರೆ ಸಾಯಲೇಬೇಕೆ ಎಂದು ಅದು ಕೇಳಿದರೆ ಉಪಾಧ್ಯಾಯರು ಏನು ಹೇಳಬೇಕು?

ಕಟುಕನಿಗೆ ನೇರವಾಗಿ ಗೌರವ ಕೊಟ್ಟ ಕಥೆ ಒಂದಿದೆ. ಮಹಾಭಾರತದ ಅರಣ್ಯಪರ್ವದಲ್ಲಿ ಬರುವ ಧರ್ಮವ್ಯಾಧನದು. ತಪಸ್ಸಿನ ಗರ್ವದಿಂದ ಬೀಗುತ್ತಿದ್ದ ಕೌಶಿಕನೆಂಬ ಬ್ರಾಹ್ಮಣ ಧರ್ಮವನ್ನು ಕಲಿಯಲು ಮಿಥಿಲೆಯ ಮಾಂಸದ ಅಂಗಡಿಗೆ ಬರುತ್ತಾನೆ. ಗಿರಾಕಿಗಳ ಗುಂಪಿನ ನಡುವೆ ಮಾಂಸ ಮಾರುತ್ತಿದ್ದವನೇ ಅವನಿಗೆ ಗುರುವಾಗುತ್ತಾನೆ. ಎಂಥ ಧೈರ್ಯದ ಕಲ್ಪನೆ! ಆದರೆ ಕವಿಯ ಧೈರ್ಯ ಅರ್ಧದಾರಿಯಲ್ಲಿ ನಿಂತಿತು. ತಾನು ಪ್ರಾಣಿಗಳನ್ನು ಕೊಲ್ಲುವುದಿಲ್ಲ, ಇತರರು ಕೊಂದದ್ದನ್ನು ಮಾರುತ್ತೇನೆ, ತಾನು ಮಾಂಸ ತಿನ್ನುವುದೂ ಇಲ್ಲ ಎಂದು ಆ ವ್ಯಾಧನಿಂದಲೇ ಹೇಳಿಸುತ್ತಾನೆ. ಕಟುಕನನ್ನು ಪೂಜ್ಯನನ್ನಾಗಿಸಲು ಅವನ ಕೈಯಿಂದ ಕತ್ತಿಯನ್ನೂ ನಾಲಿಗೆಯಿಂದ ರುಚಿಯನ್ನೂ ಕಿತ್ತುಕೊಳ್ಳಬೇಕಾಯಿತು. ತಾನು ಮಾರುವುದನ್ನು ಉಂಡು ಸಂತೋಷಪಡುವ ವ್ಯಾಧನೂ ಧರ್ಮಜ್ಞನಾಗಿರಬಲ್ಲ ಎಂದು ಹೇಳಲು ಆ ಕಥೆಗೆ ಸಾಧ್ಯವಾಗಲಿಲ್ಲ.

ಆ ಮಾತನ್ನು ಹೇಳಿದ್ದು ಬೇಡರ ಕಣ್ಣಪ್ಪನ ಕಥೆ. ಹರಿಹರ ಇದನ್ನು ರಗಳೆಯಾಗಿ ಹಾಡಿದ. ನಮ್ಮ ಗಡಿಯಾಚೆ ತಾಳವಾಡಿಯ ಬಳಿಯ ಗಾಜನೂರಿನವರಾದ ರಾಜಕುಮಾರ್ 1954ರ 'ಬೇಡರ ಕಣ್ಣಪ್ಪ' ಚಿತ್ರದಲ್ಲಿ ನಾಯಕರಾಗಿ ಬಂದ ಮೇಲೆ ಕಣ್ಣಪ್ಪ ಈ ಸೀಮೆಯ ಮನೆಮಗನೇ ಆದ. ಅವನು ಕಣ್ಣು ಕಿತ್ತುಕೊಟ್ಟದ್ದನ್ನು ಎಲ್ಲರೂ ನೆನೆಯುತ್ತಾರೆ. ಅದಕ್ಕೂ ಮುಂಚೆ ಅವನು ಮಾಡಿದ ಕೆಲಸವನ್ನು ನಾವು ಬೇಗ ದಾಟಿಬಿಡುತ್ತೇವೆ. ಬೇಟೆಯ ಮಾಂಸವನ್ನು ತಾನೇ ಕಚ್ಚಿ ರುಚಿ ನೋಡಿ, ಚೆನ್ನಾಗಿದ್ದುದನ್ನು ಆರಿಸಿ ಶಿವನ ಮುಂದಿಟ್ಟ. ರುಚಿಯನ್ನು ಬಲ್ಲವನು ಮಾತ್ರ ಒಳ್ಳೆಯದನ್ನು ಆರಿಸಿ ಕೊಡಬಲ್ಲ. ಅವನ ಭಕ್ತಿ ಅವನ ನಾಲಿಗೆಯಲ್ಲಿತ್ತು. ಗುಡಿಯಲ್ಲಿ ಮಾಂಸವನ್ನು ಕಂಡು ಹೇಸಿದ ಅರ್ಚಕನೂ ಆ ಕಥೆಯಲ್ಲಿದ್ದಾನೆ. ಅರ್ಚಕನ ಸ್ಥಾನದಲ್ಲಿ ನಿಂತು ಪ್ರಬೋಧನೆ ಮಾಡುವ ನನ್ನಂಥವನಿಗೆ ಆ ಪಾತ್ರ ಇರಿಯುತ್ತದೆ.

ಇನ್ನು ನಮ್ಮದೇ ನೆಲದ ಮಂಟೇಸ್ವಾಮಿ ಕಾವ್ಯ. ನೀಲಗಾರರು ರಾತ್ರಿಯಿಡೀ ಹಾಡುವ ಈ ಮಹಾಕಾವ್ಯದಲ್ಲಿ ಧರೆಗೆ ದೊಡ್ಡವರು ಕಲ್ಯಾಣಕ್ಕೆ ಬರುತ್ತಾರೆ. ಕಾಯಕಕ್ಕೆ ಮೇಲುಕೀಳಿಲ್ಲ ಎಂದು ಸಾರಿದ ಪಟ್ಟಣ ಅದು. ಅಲ್ಲಿಗೆ ಅವರು ಮಡಿಯುಟ್ಟು ಬರುವುದಿಲ್ಲ. ಹೊಲೆಯರ ರೂಪದಲ್ಲಿ, ಹೆಂಡವನ್ನೂ ಮಾಂಸವನ್ನೂ ಹೊತ್ತು, ದುರ್ನಾತ ಬೀರುತ್ತ ಬರುತ್ತಾರೆ. ಲಕ್ಷಕ್ಕೂ ಮಿಕ್ಕ ಜಂಗಮರು ಮೂಗು ಮುಚ್ಚಿ ಓಡುತ್ತಾರೆ. ತಿಪ್ಪೆಯ ಬಳಿಗೆ ಹುಡುಕಿಕೊಂಡು ಬರುವವನು ಬಸವಣ್ಣ. ಇದು ಶರಣರನ್ನು ಹೀಗಳೆಯುವ ಕಥೆಯೆಂದು ಕೆಲವರು ಭಾವಿಸುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಸಮಾನತೆಯನ್ನು ಸಾರಿದವರ ಎದುರಿಗೆ ಈ ಕಾವ್ಯ ಒಂದು ಬುತ್ತಿಯನ್ನು ಬಿಚ್ಚಿಟ್ಟು, ನನ್ನ ಊಟವನ್ನು ಸಹಿಸದೆ ನನ್ನನ್ನು ಸಹಿಸುವುದು ಹೇಗೆ ಎಂದು ಕೇಳುತ್ತದೆ.

ಈ ಪ್ರಶ್ನೆ ಹಾಡಿನಲ್ಲೇ ಮುಗಿದಿಲ್ಲ. ಚಾಮರಾಜನಗರ ಜಿಲ್ಲೆಯ ಚಿಕ್ಕಲ್ಲೂರಿನಲ್ಲಿ ಸಿದ್ದಪ್ಪಾಜಿಯ ಜಾತ್ರೆ ಐದು ದಿನ ನಡೆಯುತ್ತದೆ. ಚಂದ್ರಮಂಡಲದಿಂದ ಆರಂಭವಾಗುವ ಆ ಜಾತ್ರೆಯ ನಾಲ್ಕನೆಯ ದಿನ ಪಂಕ್ತಿಸೇವೆ. ಭಕ್ತರು ತಮ್ಮ ತಮ್ಮ ಬಿಡಾರಗಳಲ್ಲಿ ಬಾಡೂಟ ಮಾಡಿ, ಜಾತಿಭೇದವಿಲ್ಲದೆ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಾರೆ. 1959ರ ಪ್ರಾಣಿಬಲಿ ನಿಷೇಧ ಕಾಯಿದೆಯನ್ನು ಮುಂದಿಟ್ಟು ಜಿಲ್ಲಾಡಳಿತ ಇದನ್ನು ತಡೆಯಲು ಹೊರಟಾಗ ಭಕ್ತರು ಕೊಟ್ಟ ಉತ್ತರವನ್ನು ಗಮನಿಸಬೇಕು. ಗದ್ದುಗೆಯ ಮುಂದೆ ಯಾವ ಪ್ರಾಣಿಯನ್ನೂ ಬಲಿ ಕೊಡುವುದಿಲ್ಲ, ಇದು ಬಲಿಯಲ್ಲ, ಒಟ್ಟಿಗೆ ಉಣ್ಣುವ ಸೇವೆ ಎಂದರು ಅವರು. ಬಲಿಗೂ ಊಟಕ್ಕೂ ಇರುವ ಈ ಭೇದವನ್ನು ಅಕ್ಷರ ಬಲ್ಲವರಿಗಿಂತ ನಿಚ್ಚಳವಾಗಿ ಅವರು ಹೇಳಿದರು. ಜನ್ನ ಖಂಡಿಸಿದ್ದು ಫಲವನ್ನು ಬಯಸಿ ದೇವಿಗೆ ಕೊಡುವ ಬಲಿಯನ್ನು. ಚಿಕ್ಕಲ್ಲೂರಿನವರು ಉಳಿಸಿಕೊಳ್ಳಬಯಸುವುದು ಪಕ್ಕದವನ ಎಲೆಗೆ ಬಡಿಸುವ ಬಾಡನ್ನು.

ಆಧುನಿಕ ಸಾಹಿತ್ಯದಲ್ಲಿ ನಂಜನಗೂಡು ಸೀಮೆಯ ದೇವನೂರ ಮಹಾದೇವರ 'ಒಡಲಾಳ'ವನ್ನು ಇಲ್ಲಿ ನೆನೆಯಲೇಬೇಕು. ಸಾಕವ್ವ ಎಂಬ ಮುದುಕಿ ಕಳೆದುಹೋದ ತನ್ನ ಹುಂಜವನ್ನು ಹುಡುಕುತ್ತ ಅಲೆಯುತ್ತಾಳೆ. ಮುಂದೆ ಅದೇ ಮನೆಯವರು ಸಾಹುಕಾರನ ಕಡಲೆಕಾಯಿಯನ್ನು ರಾತ್ರಿ ಕುಳಿತು ಸುಲಿದು ತಿನ್ನುವ ಪ್ರಸಂಗವಿದೆ. ಹಸಿದವರ ಊಟದ ಆನಂದವನ್ನು ಇಷ್ಟು ಪ್ರೀತಿಯಿಂದ ಬರೆದ ಪುಟಗಳು ಕನ್ನಡದಲ್ಲಿ ವಿರಳ. ಯಶೋಧರನ ಹಿಟ್ಟಿನ ಕೋಳಿಯನ್ನೂ ಸಾಕವ್ವನ ಹುಂಜವನ್ನೂ ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡಿರಿ. ರಾಜನಿಗೆ ಕೋಳಿ ಪಾಪಪುಣ್ಯದ ಲೆಕ್ಕ. ಅಂಗಳದಲ್ಲಿ ಕಾಳು ಹಾಕಿ ಸಾಕಿದವಳಿಗೆ ಅದು ಆಸ್ತಿ, ಜೊತೆಗಾರ, ಬದುಕಿನ ಒಂದು ತುಂಡು. ಪ್ರಾಣಿಯನ್ನು ಸಾಕುವ ಕೈ ಮತ್ತು ತಿನ್ನುವ ಕೈ ಒಂದೇ ಆಗಿರುವ ಲೋಕವನ್ನು ಮಹಾದೇವರು ಕಂಡರು. ಅಲ್ಲಿಯೂ ಪೇಟೆಬೀದಿಯ ಕಟುಕ ಮುಖ್ಯಪಾತ್ರವಾಗಿ ಬರುವುದಿಲ್ಲ. ಅವರ ಕಥೆಯನ್ನು ಬರೆಯುವವರು ಇನ್ನೂ ಬರಬೇಕಾಗಿದೆ.

ಇದೆಲ್ಲ ಪುಸ್ತಕದ ಚರ್ಚೆಯೆಂದು ನಿಮಗನ್ನಿಸಬಹುದು. 2024ರ ಡಿಸೆಂಬರ್ 20ರಿಂದ 22ರವರೆಗೆ ನೆರೆಯ ಮಂಡ್ಯದಲ್ಲಿ 87ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಮಳಿಗೆಗಳಲ್ಲಿ ನಿಷೇಧಿಸಿದ ವಸ್ತುಗಳ ಪಟ್ಟಿಯಲ್ಲಿ ಮದ್ಯ, ತಂಬಾಕುಗಳ ಜೊತೆಗೆ ಮಾಂಸಾಹಾರವೂ ಸೇರಿತ್ತು. ಬಾಡೂಟಕ್ಕೆ ಹೆಸರಾದ ಸೀಮೆಯ ಜನ ಕೆರಳಿದರು. ಸಮ್ಮೇಳನದಲ್ಲಿ ಬಾಡೂಟ ಬೇಕೆಂದು ಹೋರಾಡಿದರು. ಸಾವಿರಾರು ಜನರಿಗೆ ಏನು ಬಡಿಸಬೇಕೆಂಬುದು ವ್ಯವಸ್ಥೆಯ ಪ್ರಶ್ನೆ, ಅದರಲ್ಲಿ ಭಿನ್ನಾಭಿಪ್ರಾಯ ಇರಬಹುದು. ಆದರೆ ಹೆಚ್ಚಿನವರ ಮನೆಯ ಹಬ್ಬದೂಟವನ್ನು ದುಶ್ಚಟಗಳ ಸಾಲಿಗೆ ಬರೆದ ಆ ಒಂದು ಗೆರೆ, ನಾನು ಪ್ರಬೋಧನೆಯಲ್ಲಿ ಆಡಿದ ಮಾತಿನ ತಮ್ಮನೇ ಸರಿ.

ಅದಕ್ಕೂ ಮುಂಚೆ, 2022ರ ಏಪ್ರಿಲ್ 2ರಂದು ಯುಗಾದಿ. ಮಾರನೆಯ ದಿನ ಹೊಸತೊಡಕು. ಹಳೆಯ ಮೈಸೂರು ಸೀಮೆಯಲ್ಲಿ ಬಾಡಿಲ್ಲದೆ ಹೊಸತೊಡಕಿಲ್ಲ. ವರ್ಷವಿಡೀ ಚೀಟಿ ಕಟ್ಟಿ, ಮರಿ ಕೊಯ್ದು, ಗುಡ್ಡೆ ಹಾಕಿ ಪಾಲು ಹಂಚಿಕೊಳ್ಳುವ ಹಳ್ಳಿಗಳಿವೆ. ಆ ವರ್ಷ ಹಬ್ಬಕ್ಕೆ ಕೆಲವೇ ದಿನಗಳಿರುವಾಗ ಕೆಲವು ಸಂಘಟನೆಗಳು ಹಲಾಲ್ ಮಾಂಸವನ್ನು ಬಹಿಷ್ಕರಿಸಬೇಕೆಂದು ರಾಜ್ಯದಲ್ಲಿ ಕರೆ ಕೊಟ್ಟವು. ಅಂದು ಮಾಂಸ ತಿನ್ನುವುದರ ಬಗ್ಗೆ ಯಾರಿಗೂ ತಕರಾರಿರಲಿಲ್ಲ. ಅದನ್ನು ಕೊಯ್ದ ಕೈ ಯಾರದೆಂಬುದೇ ತಕರಾರಾಯಿತು. ಕಟುಕನನ್ನು ಕಥೆಯಲ್ಲಿ ಮನುಷ್ಯನಾಗಿ ಕಾಣದ ಸಮಾಜಕ್ಕೆ ಅವನನ್ನು ಬೀದಿಯಲ್ಲಿ ಒಂಟಿಯಾಗಿಸುವುದು ಸುಲಭ. ಮಗುವಿನ ಜ್ವರಕ್ಕೆ ಕಾಲುಸೂಪಿನ ಕಾಲು ತೆಗೆದಿಟ್ಟವರು ಒಂದೇ ವಾರದಲ್ಲಿ ಬರಿಯ ಮತದ ಗುರುತಾಗಿಬಿಡಬಹುದು.

ಸಂತ ಪೌಲರು ಕೊರಿಂಥದವರಿಗೆ ಬರೆಯುವಾಗ ಇಂಥದೇ ಇಕ್ಕಟ್ಟು ಎದುರಾಗಿತ್ತು. ವಿಗ್ರಹಗಳಿಗೆ ಅರ್ಪಿಸಿದ ಮಾಂಸ ಪೇಟೆಗೆ ಬರುತ್ತಿದ್ದ ಕಾಲ. ಮಾಂಸದ ಅಂಗಡಿಯಲ್ಲಿ ಮಾರುವುದನ್ನು ಮನಸ್ಸಾಕ್ಷಿಯ ಹೆಸರಿನಲ್ಲಿ ವಿಚಾರಣೆ ಮಾಡದೆ ಕೊಂಡು ಉಣ್ಣಿರಿ ಎಂಬ ಅರ್ಥದಲ್ಲಿ ಅವರು ಬರೆದರು. ಅದೇ ಪತ್ರದಲ್ಲಿ, ತನ್ನ ಊಟದಿಂದ ಸೋದರನೊಬ್ಬ ಎಡವುವುದಾದರೆ ಮಾಂಸವನ್ನೇ ಬಿಡುತ್ತೇನೆ ಎಂದೂ ಹೇಳಿದರು. ಎರಡೂ ಮಾತು ಬೇಕು. ಮಾಂಸ ತಿನ್ನದ ನೆರೆಯವರ ಮನಸ್ಸನ್ನು ನೋಯಿಸದಂತೆ ಉಣ್ಣುವುದು ನಮ್ಮ ಕರ್ತವ್ಯ. ಕೊಯ್ದುಕೊಟ್ಟವರ ಮಾನವನ್ನು ಕಾಯುವುದೂ ಅಷ್ಟೇ ಕರ್ತವ್ಯ. ಎಲ್ಲ ಆಹಾರವೂ ದೇವರದೆಂಬ ದರ್ಶನ ಪೇತ್ರರಿಗೆ ಆದದ್ದು ಯೊಪ್ಪದಲ್ಲಿ, ಚರ್ಮ ಹದಮಾಡುವ ಸಿಮೋನನೆಂಬವನ ಮನೆಯ ಮಾಳಿಗೆಯ ಮೇಲೆ. ಸತ್ತ ಪ್ರಾಣಿಯ ಚರ್ಮವನ್ನು ಮುಟ್ಟುವ ಮನೆಯಲ್ಲಿ ಅತಿಥಿಯಾಗಿ ತಂಗಿದ್ದಾಗಲೇ ಅವರಿಗೆ ಆ ಪಾಠವಾಯಿತು.

ಹಾಗಾದರೆ ಮಾಡಬೇಕಾದದ್ದೇನು? ದೊಡ್ಡದೇನೂ ಅಲ್ಲ. ತಿನ್ನುವವರು ನಾಚಿಕೆಯಿಲ್ಲದೆ, ಕೃತಜ್ಞತೆಯಿಂದ ತಿನ್ನಬೇಕು. ಒಂದು ಜೀವ ಹೋಗಿದೆ ಎಂಬುದನ್ನು ಮರೆಯದೆ, ಎಲೆಯಲ್ಲಿ ಬಿಸಾಡದೆ ತಿನ್ನಬೇಕು. ಪೊಟ್ಟಣದಲ್ಲಿ ತಣ್ಣಗೆ ಬರುವ ಮಾಂಸಕ್ಕೆ ಮುಖವಿಲ್ಲ. ಕೊರಡಿನ ಮುಂದೆ ನಿಂತು ಕೊಳ್ಳುವಾಗ ಸಾಕಿದವರ, ಕೊಯ್ದವರ, ಸತ್ತ ಜೀವದ ನೆನಪಿಗೆ ಅವಕಾಶವಿರುತ್ತದೆ. ಆದ್ದರಿಂದ ನೆರೆಯ ಅಂಗಡಿಗೇ ಹೋಗಿರಿ. ಪ್ರಾಣಿಗೆ ಹಿಂಸೆಯಾಗದಂತೆ ಸಾಗಿಸಿರಿ, ಅಂಗಡಿಯನ್ನು ಶುಚಿಯಾಗಿಡಿರಿ ಎಂದು ಅವರಿಗೆ ಹೇಳುವ ಹಕ್ಕು, ಹೆಸರು ಹಿಡಿದು ಮಾತನಾಡಿಸುವ ಗಿರಾಕಿಗೆ ಮಾತ್ರ ಇದೆ. ಶುಚಿಯಾದ ಕಸಾಯಿಖಾನೆಯನ್ನೂ ನೀರಿನ ವ್ಯವಸ್ಥೆಯನ್ನೂ ಪುರಸಭೆಯಿಂದ ಕೇಳಿ ಪಡೆಯುವಾಗ ಅವರ ಜೊತೆ ನಿಲ್ಲಬೇಕಾದವರೂ ಉಣ್ಣುವ ನಾವೇ.

ಪ್ರತಿದಿನ ಪೂಜೆಯಲ್ಲಿ ರೊಟ್ಟಿಯನ್ನು ಮುರಿಯುವಾಗ ನಾವು 'ದೇವರ ಕುರಿಮರಿ' ಎಂದು ಪ್ರಾರ್ಥಿಸುತ್ತೇವೆ. ಪೀಠದ ಮುಂದೆ ಕುರಿಮರಿಯ ಹೆಸರನ್ನು ಭಕ್ತಿಯಿಂದ ಉಚ್ಚರಿಸುವ ನಾಲಿಗೆ, ಬೀದಿಯಲ್ಲಿ ಕುರಿ ಕೊಯ್ಯುವವರ ಹೆಸರನ್ನು ಬೈಗುಳವಾಗಿಸಬಾರದು. ಆ ಡಿಸೆಂಬರಿನಿಂದ ಈಚೆಗೆ ಹೆರೋದನ ಸೈನಿಕರನ್ನು ನಾನು ಸೈನಿಕರೆಂದೇ ಕರೆಯುತ್ತಿದ್ದೇನೆ. ಮಕ್ಕಳನ್ನು ಕೊಂದವರು ಅವರು, ಕಟುಕರಲ್ಲ.

ಆ ವೃದ್ಧರಿಗೆ ನಾನು ಕ್ಷಮೆ ಕೇಳಲು ಹೋದದ್ದು ಮುಂದಿನ ಭಾನುವಾರ. ಅಂಗಡಿಯ ಮುಂದೆ ಜನ ತುಂಬಿದ್ದರು. ನನ್ನ ಮಾತನ್ನು ಪೂರ್ತಿ ಆಡಲು ಬಿಡದೆ, ಕೈ ಒರೆಸಿಕೊಂಡು, "ಸರದಿಯಲ್ಲಿ ನಿಂತ್ಕೊಳ್ಳಿ ಫಾದರ್, ಒಳ್ಳೇ ಮರಿ ಬಂದಿದೆ" ಎಂದರು. ನಿಂತುಕೊಂಡೆ.